ಕಳಚಿಟ್ಟ ಸಾಮಾನಿನ ಎರಡು ಬೆಲೆ

ಕಳಂಬೋಲಿ ಎಂದೊಡನೆ ನಮ್ಮವರ ಮನಸ್ಸು ಊರಿನ ದಾರಿ ಹಿಡಿಯುತ್ತದೆ. ಶಿವ್-ಪನ್ವೇಲ್ ಹೆದ್ದಾರಿ ಬಂದು ಮುಟ್ಟುವುದು ಇಲ್ಲಿಗೆ. ಪುಣೆಗೆ, ಗೋವೆಗೆ, ಮುಂಬ್ರಾಕ್ಕೆ, ನ್ಹಾವಾ-ಶೇವಾ ಬಂದರಿಗೆ ಹೋಗುವ ರಸ್ತೆಗಳು ಕವಲೊಡೆಯುವುದು ಇಲ್ಲಿಂದ. ಗಂಟುಮೂಟೆಗಳ ನಡುವೆ ಮಗುವನ್ನು ಕೂರಿಸಿಕೊಂಡು ಹುಬ್ಬಳ್ಳಿಯ ಬಸ್ಸಿಗೋ ಮಂಗಳೂರಿನ ಬಸ್ಸಿಗೋ ಇಲ್ಲಿ ರಸ್ತೆಯಂಚಿನಲ್ಲಿ ಕಾದು ನಿಲ್ಲದ ಕನ್ನಡ ಸಂಸಾರ ನವಿ ಮುಂಬಯಿಯಲ್ಲಿ ವಿರಳವೆಂದೇ ಹೇಳಬೇಕು.

ಆದರೆ ಕಳಂಬೋಲಿಗೆ ಬೇರೆ ಎರಡು ಗುರುತುಗಳೂ ಉಂಟು. ಒಂದು, ಇಲ್ಲಿಯ ಕಬ್ಬಿಣ-ಉಕ್ಕಿನ ಪೇಟೆ. ಸಿಡ್ಕೊದವರು ನವಿ ಮುಂಬಯಿಯನ್ನು ಕಟ್ಟಲು ಹೊರಟಾಗ ಮುಂಬಯಿಯ ಇಕ್ಕಟ್ಟಿನಿಂದ ಉಕ್ಕಿನ ವ್ಯಾಪಾರವನ್ನು ತಂದು ನೆಲೆಗೊಳಿಸಲು ಆರಿಸಿದ ಜಾಗ ಇದು. ಇಲ್ಲಿ ಮಾತೆಲ್ಲ ಟನ್ನಿನ ಲೆಕ್ಕದಲ್ಲಿ, ತಕ್ಕಡಿಯೇ ಯಜಮಾನ. ಇನ್ನೊಂದು, 2002ರಲ್ಲಿ ಪೂರ್ತಿಯಾಗಿ ತೆರೆದ ಮುಂಬಯಿ-ಪುಣೆ ಎಕ್ಸ್‌ಪ್ರೆಸ್ ರಸ್ತೆ. ಸುಮಾರು 94 ಕಿಲೋಮೀಟರು ಉದ್ದದ ಈ ರಸ್ತೆ ಶುರುವಾಗುವುದು ಕಳಂಬೋಲಿಯಿಂದಲೇ. ಸಮತಟ್ಟಿನಲ್ಲಿ ಕಾರುಗಳಿಗೆ ಗಂಟೆಗೆ 100 ಕಿಲೋಮೀಟರಿನ ಮಿತಿ, ಬೋರ್ ಘಾಟಿನಲ್ಲಿ ಅದಕ್ಕಿಂತ ಕಡಮೆ. ಮಿತಿ ಏನೇ ಇರಲಿ, ಇಂಥದೊಂದು ರಸ್ತೆ ಮನೆಯ ಬಾಗಿಲಲ್ಲಿ ಬಿದ್ದಿರುವಾಗ ಇಪ್ಪತ್ತೈದರ ಹುಡುಗನಿಗೆ ತನ್ನ ಕಾರು ಇನ್ನೂ ಸ್ವಲ್ಪ ಚುರುಕಾಗಬೇಕೆಂದು ಅನಿಸುವುದು ಸಹಜವೇ.

ಹೀಗಾಗಿ ನಮ್ಮ ಮನೆಗಳ ಅಟ್ಟದಲ್ಲಿ ಹೊಸದೊಂದು ಬಗೆಯ ಸಾಮಾನು ಕಾಣಿಸಿಕೊಂಡಿದೆ. ಮಗ ಮೊದಲ ಸಂಬಳಗಳನ್ನು ಕೂಡಿಸಿ ಹಳೆಯ ಪೋಲೋ ಕಾರನ್ನೋ ಸ್ವಿಫ್ಟನ್ನೋ ಕೊಂಡ. ಕಂಪೆನಿಯ ಚಕ್ರ ತೆಗೆದು ಅಲಾಯ್ ಚಕ್ರ ಹಾಕಿಸಿದ. ಎರಡು ವರ್ಷ ಕಳೆಯುವುದರೊಳಗೆ ಅದು ಸಾಲದೆ ಇನ್ನೂ ಹಗುರವಾದ, ಇನ್ನೂ ಬೆಲೆಯ ಚಕ್ರ ಬಂತು. ಸ್ಪ್ರಿಂಗು ಬದಲಾಯಿತು, ಏರ್ ಫಿಲ್ಟರು ಬದಲಾಯಿತು, ಸೈಲೆನ್ಸರು ಬದಲಾಯಿತು. ಅವನು ಇದನ್ನು ಅಪ್‌ಗ್ರೇಡ್ ಎನ್ನುತ್ತಾನೆ. ಕಳಚಿಟ್ಟದ್ದೆಲ್ಲ ಅಟ್ಟಕ್ಕೆ ಏರಿತು. ಗೌರಿ ಹಬ್ಬಕ್ಕೆ ತಾಮ್ರದ ಪಾತ್ರೆ ಇಳಿಸಲು ಹೋದ ತಾಯಿಗೆ ಅಲ್ಲಿ ಸಿಗುವುದು ನಾಲ್ಕು ಚಕ್ರ, ಎರಡು ಸ್ಪ್ರಿಂಗು, ಒಂದು ಎಣ್ಣೆ ಹತ್ತಿದ ಗೋಣಿಚೀಲ. ಎರಡು ಕೋಣೆಯ ಮನೆಯಲ್ಲಿ ಈ ಸಂಪತ್ತಿಗೆ ಎಲ್ಲಿ ಜಾಗ? ಮಾರಿಬಿಡು ಎನ್ನುತ್ತಾಳೆ ತಾಯಿ. ಮಾರುವುದು ಹೇಗೆ, ಎಷ್ಟಕ್ಕೆ, ಯಾವುದನ್ನು ಮಾರಬಹುದು, ಯಾವುದನ್ನು ಮಾರಬಾರದು ಎಂಬುದು ಮಾತ್ರ ತಾಯಿಗೂ ಗೊತ್ತಿಲ್ಲ, ಮಗನಿಗೂ ಅಷ್ಟಾಗಿ ಗೊತ್ತಿಲ್ಲ. ಆ ವಿಷಯವನ್ನೇ ಇಲ್ಲಿ ಎತ್ತಿಕೊಂಡಿದ್ದೇವೆ.

ಓಟದ ಸಾಮಾನು ಕೈ ಬದಲಾಯಿಸುವುದು ಹೊಸ ಸಂಗತಿಯೇನಲ್ಲ. ಮದರಾಸಿನ ಬಳಿಯ ಶೋಳಾವರಂನಲ್ಲಿ, ಎರಡನೆಯ ಮಹಾಯುದ್ಧದ ಕಾಲದ ವಿಮಾನದ ಪಟ್ಟಿಯ ಮೇಲೆ ಮೋಟಾರು ಪಂದ್ಯಗಳು ನಡೆಯುತ್ತಿದ್ದ ದಿನಗಳಲ್ಲಿ ಪರದೇಶದ ಬಿಡಿಭಾಗ ತರಿಸುವುದು ಸುಲಭದ ಮಾತಾಗಿರಲಿಲ್ಲ. ಇದ್ದುದನ್ನೇ ತಿದ್ದಿ, ತಿಕ್ಕಿ, ಒಬ್ಬರಿಂದೊಬ್ಬರು ಕೊಂಡು ಓಡಿಸಬೇಕಾಗಿತ್ತು. ಮುಂದೆ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಗಳಲ್ಲಿ ರ್‍ಯಾಲಿಗಳು ನಡೆಯತೊಡಗಿದಾಗ ಮಾರುತಿಯ ಜಿಪ್ಸಿ, ಎಸ್ಟೀಮ್ ಗಾಡಿಗಳ ಕಾಲ ಬಂತು. ಗೆದ್ದವನು ಹೊಸದು ಕೊಳ್ಳುತ್ತಾನೆ. ಅವನ ಹಳೆಯದು ಮುಂದಿನ ವರ್ಷ ಇಳಿಯುವ ಹುಡುಗನಿಗೆ ಹೊಸದು. ಈ ಸರಪಳಿ ಇಲ್ಲದಿದ್ದರೆ ಸಾಧಾರಣ ಮನೆಯ ಹುಡುಗರಿಗೆ ಆ ಆಟದಲ್ಲಿ ಪ್ರವೇಶವೇ ಇರುತ್ತಿರಲಿಲ್ಲ. ಆದುದರಿಂದ ಹಳೆಯ ಬಿಡಿಭಾಗ ಮಾರುವುದರಲ್ಲಿ ಮಾನಹಾನಿಯೇನೂ ಇಲ್ಲ. ಮುಂಬಯಿಯ ಮಟನ್ ಸ್ಟ್ರೀಟಿನ ಚೋರ್ ಬಜಾರು, ಕುರ್ಲಾದ ಸಿ.ಎಸ್.ಟಿ. ರಸ್ತೆ, ಬೆಂಗಳೂರಿನ ಶಿವಾಜಿನಗರದ ಗುಜರಿ ಇವೆಲ್ಲ ಈ ಸರಪಳಿಯ ಕೊಂಡಿಗಳೇ.

ಆದರೆ ಇಂಥ ಸಾಮಾನಿಗೆ ಎರಡು ಬೆಲೆ ಉಂಟು. ಒಂದು ಹೆಸರಿನ ಬೆಲೆ, ಇನ್ನೊಂದು ತೂಕದ ಬೆಲೆ. ಒಳ್ಳೆಯ ಸ್ಥಿತಿಯಲ್ಲಿರುವ, ಕಾಗದವಿರುವ, ಯಾವ ಗಾಡಿಗೆ ಕೂಡುತ್ತದೆಂದು ಖಚಿತವಾಗಿ ಹೇಳಬಹುದಾದ ಚಕ್ರಕ್ಕೆ ಹೆಸರಿನ ಬೆಲೆ ಸಿಗುತ್ತದೆ. ಸೀಳು ಬಿಟ್ಟ ಚಕ್ರ ಎಷ್ಟೇ ದೊಡ್ಡ ಕಂಪೆನಿಯದಾಗಿರಲಿ, ಅದು ಕೆಲವು ಕಿಲೋ ಅಲ್ಯೂಮಿನಿಯಮ್, ಅಷ್ಟೆ. ಮಾರುವವನ ವಿದ್ಯೆಯೆಲ್ಲ ಯಾವುದು ಯಾವ ಬೆಲೆಯದೆಂದು ಮೊದಲು ತಾನೇ ವಿಂಗಡಿಸಿಕೊಳ್ಳುವುದರಲ್ಲಿದೆ. ತೂಕಕ್ಕೆ ಹೋಗಬೇಕಾದದ್ದನ್ನು ಹೆಸರಿಗೆ ಮಾರಿದರೆ ಅದು ಬರಿಯ ವ್ಯಾಪಾರದ ಚತುರತೆಯಾಗಿ ಉಳಿಯುವುದಿಲ್ಲ. ಆ ಚಕ್ರ ಇನ್ನೊಂದು ಸಂಸಾರದ ಗಾಡಿಯ ಕೆಳಗೆ ಹೋಗುತ್ತದೆ. ಗಂಟೆಗೆ 100 ಕಿಲೋಮೀಟರು ಓಡುವ ಸಾಧಾರಣ ಕಾರಿನ ಚಕ್ರ ಒಂದು ಸೆಕೆಂಡಿಗೆ ಸುಮಾರು 15 ಸುತ್ತು ಸುತ್ತುತ್ತದೆ. ಸೀಳು ಎಷ್ಟು ಸಣ್ಣದಾದರೇನು?

ಚಕ್ರದ ವಿಷಯವನ್ನು ಕೊಂಚ ವಿವರವಾಗಿಯೇ ಹೇಳಬೇಕು, ಏಕೆಂದರೆ ಅಟ್ಟದ ಸಾಮಾನಿನಲ್ಲಿ ಮುಕ್ಕಾಲು ಪಾಲು ಅದೇ. ಉಕ್ಕಿನ ಚಕ್ರ ಗುಂಡಿಗೆ ಬಿದ್ದರೆ ಬಗ್ಗುತ್ತದೆ. ಬಗ್ಗಿದ್ದು ಕಣ್ಣಿಗೆ ಕಾಣುತ್ತದೆ. ಎರಕದ ಅಲಾಯ್ ಚಕ್ರದ ಸ್ವಭಾವ ಬೇರೆ. ಪೆಟ್ಟು ಜೋರಾಗಿದ್ದರೆ ಅದು ಸೀಳುತ್ತದೆ, ಸೀಳು ಸಾಮಾನ್ಯವಾಗಿ ಒಳಬದಿಯ ಅಂಚಿನಲ್ಲಿ, ಅಂದರೆ ನಿಂತು ನೋಡುವವನಿಗೆ ಕಾಣದ ಕಡೆಯಲ್ಲಿ ಬಿಡುತ್ತದೆ. ನಮ್ಮ ಮಳೆಗಾಲದ ರಸ್ತೆಗಳ ಗುಣಗಾನವನ್ನು ಇಲ್ಲಿ ಮಾಡಬೇಕಾಗಿಲ್ಲವಷ್ಟೆ. ಆದುದರಿಂದ ಮಾರುವ ಮೊದಲು ಟೈರನ್ನು ಬಿಚ್ಚಿಸಿ, ಚಕ್ರವನ್ನು ತೊಳೆದು, ಬಿಸಿಲಿನಲ್ಲಿ ಒಳ ಅಂಚನ್ನು ಬೆರಳಾಡಿಸಿ ನೋಡಬೇಕು. ಬ್ಯಾಲೆನ್ಸಿಂಗ್ ಯಂತ್ರದ ಮೇಲೆ ಒಂದು ಸಲ ತಿರುಗಿಸಿದರೆ ಓರೆಯಾಗಿದೆಯೋ ಇಲ್ಲವೋ ಎಂಬುದು ಅಲ್ಲೇ ತಿಳಿಯುತ್ತದೆ. ಬೆಸುಗೆ ಹಾಕಿ, ಬಣ್ಣ ಬಳಿದು ಹೊಸದರಂತೆ ಮಾಡಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಬಣ್ಣದ ಕೆಳಗಿನ ಬೆಸುಗೆಯನ್ನು ಹೇಳದೆ ಮಾರುವುದಕ್ಕೆ ನಮ್ಮ ಭಾಷೆಯಲ್ಲಿ ಒಂದೇ ಹೆಸರು.

ಇದರ ಬಗ್ಗೆ ನಮ್ಮ ಬಳಗದಲ್ಲೇ ನಡೆದ ಒಂದು ಸಂಗತಿಯುಂಟು. ತರುಣನೊಬ್ಬ ತನ್ನ ನಾಲ್ಕು ಚಕ್ರಗಳನ್ನು ಮಾರಲು ಮುಂದಾದ. ಬೆಳಗಾವಿ ಕಡೆಯ ಹುಡುಗನೊಬ್ಬ ಫೋಟೋ ನೋಡಿಯೇ ಒಪ್ಪಿ, ಹಣ ಕಳಿಸಲು ತಯಾರಾಗಿದ್ದ. ತೊಳೆಯುವಾಗ ಒಂದು ಚಕ್ರದ ಒಳ ಅಂಚಿನಲ್ಲಿ ಹೆಬ್ಬೆರಳಿನುದ್ದದ ಗೆರೆ ಕಂಡಿತು. ಮಗನ ವಾದ: "ಅವನು ಕೇಳಿಲ್ಲ, ನಾನು ಹೇಳಬೇಕಾದ್ದೇನು? ನಾನೇ ಅದರ ಮೇಲೆ ಆರು ತಿಂಗಳು ಓಡಿಸಿದ್ದೇನಲ್ಲ." ತಂದೆ ಹೆಚ್ಚು ಮಾತಾಡುವವರಲ್ಲ. "ಹಾಗಾದರೆ ಅದನ್ನೇ ಮತ್ತೆ ನಿನ್ನ ಗಾಡಿಗೆ ಹಾಕಿಸು, ನಾಳೆ ನಿನ್ನ ತಂಗಿಯನ್ನು ಕೂರಿಸಿಕೊಂಡು ಲೋಣಾವಳಕ್ಕೆ ಹೋಗಿ ಬಾ" ಎಂದರಂತೆ. ಮಗ ಸಂಜೆಯ ತನಕ ಸಿಡುಕಿ, ಆಮೇಲೆ ಬೆಳಗಾವಿಗೆ ಫೋನು ಮಾಡಿ ಇದ್ದುದನ್ನು ಇದ್ದ ಹಾಗೆ ಹೇಳಿದ. ಆ ವ್ಯಾಪಾರ ಅಲ್ಲಿಗೇ ಮುರಿಯಿತು. ಬಿಡಿಯಾಗಿ ಉಳಿದ ಮೂರು ಚಕ್ರ ಯಾರಿಗೆ ಬೇಕು ಎಂದು ಮನೆಯವರೆಲ್ಲ ಅಂದುಕೊಂಡಿದ್ದರು. ಆದರೆ ಅಂಥದೇ ಚಕ್ರಗಳಲ್ಲಿ ಒಂದನ್ನು ಗುಂಡಿಯಲ್ಲಿ ಒಡೆದುಕೊಂಡವರು ಊರಲ್ಲಿ ಇದ್ದೇ ಇರುತ್ತಾರೆ. ತಿಂಗಳೊಂದು ಹಿಡಿಯಿತು, ಮೂರೂ ಮೂರು ಕಡೆ ಹೋದುವು. ನಾಲ್ಕನೆಯದು ತಕ್ಕಡಿಗೆ ಹೋಯಿತು.

ಇನ್ನು ಕೂಡಿಕೆಯ ಲೆಕ್ಕ. ಚಕ್ರದ ಮೇಲೆ ಅಂಕಿಗಳು ಎರಕದಲ್ಲೇ ಇರುತ್ತವೆ. ಕಚೇರಿಯ ಕಡತದ ನಂಬರಿನಂತೆ ಅವನ್ನು ಇದ್ದಹಾಗೆಯೇ ಬರೆದುಕೊಳ್ಳಬೇಕು. ವ್ಯಾಸ, ಅಗಲ, ಬೋಲ್ಟುಗಳು ಕೂರುವ ವೃತ್ತ, 'ಇ.ಟಿ.' ಎಂದು ಗುರುತಿಸಿದ ಆಫ್‌ಸೆಟ್ಟು, ನಡುವಿನ ರಂಧ್ರ ಇಷ್ಟೂ ಬೇಕು. ಸ್ವಿಫ್ಟಿನದು 100 ಮಿಲಿಮೀಟರಿನ ವೃತ್ತದಲ್ಲಿ ನಾಲ್ಕು ಬೋಲ್ಟು. ಪೋಲೋದ್ದು ಅದೇ 100 ಮಿಲಿಮೀಟರು, ಆದರೆ ಐದು ಬೋಲ್ಟು. ನಡುವಿನ ರಂಧ್ರ ಮೊದಲನೆಯದಕ್ಕೆ 54.1 ಮಿಲಿಮೀಟರು, ಎರಡನೆಯದಕ್ಕೆ 57.1. "ಹದಿನೈದು ಇಂಚಿನ ಚಕ್ರ, ಎಲ್ಲ ಕಾರಿಗೂ ಆಗುತ್ತದೆ" ಎಂದು ಬರೆದವನ ಫೋನು ದಿನವಿಡೀ ಬಡಿದುಕೊಳ್ಳುತ್ತದೆ, ವ್ಯಾಪಾರ ಮಾತ್ರ ಕುದುರುವುದಿಲ್ಲ. ಐದೂ ಅಂಕಿ ಬರೆದವನಿಗೆ ಎರಡೇ ಫೋನು ಬರುತ್ತದೆ, ಅದರಲ್ಲೊಂದು ಕೊಳ್ಳುವವನದು.

ಟೈರಿನದು ಬೇರೆ ಕತೆ. ಅದರ ಪಕ್ಕೆಯ ಮೇಲೆ ನಾಲ್ಕಂಕಿಯ ಒಂದು ಸಂಖ್ಯೆ ಇರುತ್ತದೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದೆಂದು ತಿಳಿಯಬೇಕು. ಕಾರಿನ ಟೈರಿನ ಗೆರೆಗಳ ಆಳ 1.6 ಮಿಲಿಮೀಟರಿಗಿಂತ ಕಡಮೆಯಾದರೆ ಅದನ್ನು ರಸ್ತೆಯ ಮೇಲೆ ಓಡಿಸಲು ನಿಯಮದ ಅನುಮತಿಯಿಲ್ಲ. ಗೆರೆಯ ಆಳ ಚೆನ್ನಾಗಿದ್ದರೂ ವರ್ಷ ಕಳೆದಂತೆ ರಬ್ಬರು ಗಡುಸಾಗುತ್ತದೆ, ಮಳೆಯಲ್ಲಿ ಹಿಡಿತ ತಪ್ಪುತ್ತದೆ. ಅಟ್ಟದಲ್ಲಿ ಆರು ವರ್ಷ ಮಲಗಿದ ಟೈರನ್ನು "ಹೊಸದು, ಓಡಿಸಿಯೇ ಇಲ್ಲ" ಎಂದು ಮಾರುವವರಿದ್ದಾರೆ. ಓಡಿಸಿಲ್ಲ ಎಂಬುದು ನಿಜವೇ ಇರಬಹುದು.

ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರುಗಳಿಗೆ ನಮ್ಮ ಊರಿನ ಹವೆಯೇ ಶತ್ರು. ಖಾಡಿಯ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ. ಎತ್ತರ ಏರಿಸಿ ಇಳಿಸಬಹುದಾದ ಕಾಯಿಲ್‌ಓವರ್ ಎಂಬ ಬೆಲೆಬಾಳುವ ಜೋಡಿಯಲ್ಲಿ ಮರೆಗಳು ತುಕ್ಕು ಹಿಡಿದು ಕಚ್ಚಿಕೊಂಡರೆ ಅದರ ಏರಿಳಿತದ ಗುಣವೇ ಹೋಯಿತು. ಕಳಚಿದ ದಿನವೇ ಬ್ರಷ್ಷಿನಿಂದ ಉಜ್ಜಿ, ತೆಳ್ಳಗೆ ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿಟ್ಟರೆ ವರ್ಷದ ಮೇಲೂ ಬೆಲೆ ಉಳಿಯುತ್ತದೆ. ಸರಳಿನ ಮೇಲೆ ಎಣ್ಣೆ ಒಸರಿದ ಗುರುತಿದ್ದರೆ ಅದನ್ನು ಒರಸಿ ಫೋಟೋ ತೆಗೆಯುವುದಲ್ಲ, ಇದ್ದ ಹಾಗೆಯೇ ತೆಗೆಯಬೇಕು. ತೊಳೆದು ಮತ್ತೆ ಉಪಯೋಗಿಸುವ ಹತ್ತಿಯ ಏರ್ ಫಿಲ್ಟರು ಒಳ್ಳೆಯ ಸರಕು, ಬೇಗ ಹೋಗುತ್ತದೆ, ಬೂಷ್ಟು ಹಿಡಿಯಲು ಬಿಡಬಾರದು ಅಷ್ಟೆ. ಟರ್ಬೊ ಮಾರುವವರು ಅದರ ಕಂಬಿಯನ್ನು ಬೆರಳಿನಿಂದ ಅಲುಗಿಸಿ ತೋರಿಸುವುದು ವಾಡಿಕೆ. ಪಕ್ಕಕ್ಕೆ ತುಸು ಅಲುಗಾಡುವುದು ದೋಷವಲ್ಲ. ಹಿಂದೆ ಮುಂದೆ ಸರಿಯುತ್ತಿದ್ದರೆ ಅದು ತೂಕದ ಸಾಮಾನು. ಬ್ರೇಕಿನ ಡಿಸ್ಕಿನ ಮೇಲೆ ಎಷ್ಟು ದಪ್ಪಕ್ಕಿಂತ ಸವೆಯಬಾರದು ಎಂಬ ಕನಿಷ್ಠ ಅಳತೆಯನ್ನು ಸಾಮಾನ್ಯವಾಗಿ ಕೆತ್ತಿರುತ್ತಾರೆ. ಅಳೆದು ನೋಡಿದರೆ ಸಾಕು, ವಾದಕ್ಕೆ ಎಡೆಯೇ ಇಲ್ಲ.

ಮಾರಲೇಬಾರದ ಸಾಮಾನುಗಳು ಕೆಲವಿವೆ. ಏರ್‌ಬ್ಯಾಗಿನಲ್ಲಿ ಸಿಡಿಯುವ ಮದ್ದಿದೆ. ಮನೆಯ ಅಟ್ಟ ಅದರ ಜಾಗವಲ್ಲ, ಕೈಯಿಂದ ಕೈಗೆ ಮಾರುವುದಂತೂ ದೂರದ ಮಾತು. ಪಂದ್ಯದವರು ಕಟ್ಟಿಕೊಳ್ಳುವ ಹಾರ್ನೆಸ್ ಪಟ್ಟಿಗೆ ಅಂತರರಾಷ್ಟ್ರೀಯ ಸಂಸ್ಥೆಯವರು ಅವಧಿಯ ಚೀಟಿ ಹೊಲಿದಿರುತ್ತಾರೆ. ಅವಧಿ ಮುಗಿದ ಮೇಲೆ ಅದು ಬರಿಯ ಪಟ್ಟಿ. ಉಪಯೋಗಿಸಿದ ಬ್ರೇಕ್ ಪ್ಯಾಡನ್ನು ದಾನವಾಗಿಯೂ ಕೊಡಬಾರದೆಂಬುದು ನಮ್ಮ ಅಭಿಪ್ರಾಯ. ಇನ್ನು ಕೆಟಲಿಟಿಕ್ ಕನ್ವರ್ಟರು: ಹೊಗೆಯನ್ನು ಶುದ್ಧಿ ಮಾಡುವ ಈ ಡಬ್ಬಿಯೊಳಗಿನ ಜೇನುಗೂಡಿಗೆ ಪ್ಲಾಟಿನಮ್, ಪೆಲ್ಲೇಡಿಯಮ್, ರೋಡಿಯಮ್ ಲೋಹಗಳ ಲೇಪವಿರುತ್ತದೆ. ಗುಜರಿಯವನು ಅದಕ್ಕೆ ಮಿಕ್ಕೆಲ್ಲಕ್ಕಿಂತ ಹೆಚ್ಚಿನ ಬೆಲೆ ಹೇಳುವುದರ ಗುಟ್ಟು ಇದೇ. ಆದರೆ ಅದಿಲ್ಲದ ಗಾಡಿ ಹೊಗೆಯ ನಿಯಮಕ್ಕೆ ನಿಲ್ಲುವುದಿಲ್ಲ. ಕಳಚಿ ಮಾರಿದವನು ಮುಂದೆ ಹೊಸದನ್ನು ಕೊಳ್ಳಲು ಹೋದಾಗ ಬೆಲೆ ಕೇಳಿ ಬೆವರುತ್ತಾನೆ. ಎಂಜಿನ್ನಿನ ಕಂಪ್ಯೂಟರಿಗೆ ಮಾಡಿಸಿದ ತಿದ್ದುಪಾಟು ಆ ಗಾಡಿಯಲ್ಲೇ ಉಳಿಯುವಂಥದು, ಅದನ್ನು ಬಿಚ್ಚಿ ಮಾರುವಂತಿಲ್ಲ. ಹೊರಗಿನಿಂದ ಜೋಡಿಸುವ ಟ್ಯೂನಿಂಗ್ ಡಬ್ಬಿಯಾದರೆ ಮಾರಬಹುದು, ಯಾವ ಎಂಜಿನ್ನಿಗೆ ಮಾಡಿದ್ದೆಂದು ಹೇಳಿ.

ಕಾಯಿದೆಯ ಮಾತು ಬಂತು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ ನೋಂದಣಿ ಪುಸ್ತಕದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗಿನ ಸೆರೆ, ಇಲ್ಲವೆ ಎರಡೂ ವಿಧಿಸಲು ಅವಕಾಶವಾಗಿದೆ. ಗಟ್ಟಿ ಸದ್ದಿನ ಸೈಲೆನ್ಸರುಗಳನ್ನು ಮುಂಬಯಿಯಲ್ಲೂ ಕರ್ನಾಟಕದ ಹಲವು ಊರುಗಳಲ್ಲೂ ಪೋಲೀಸರು ರೋಡ್ ರೋಲರಿನಡಿ ಹಾಕಿ ಅರೆದದ್ದನ್ನು ವಾಚಕರು ಪತ್ರಿಕೆಗಳಲ್ಲಿ ನೋಡಿರಬಹುದು. ಹೆಚ್ಚಿನವು ಮೋಟಾರು ಸೈಕಲ್ಲಿನವು, ಕಾರಿನವರು ನಗಬೇಕಾಗಿಲ್ಲ. ಅಂಥ ಸೈಲೆನ್ಸರನ್ನು ಮಾರಿದವನು ತನ್ನ ತಲೆನೋವನ್ನು ಇನ್ನೊಬ್ಬನ ತಲೆಗೆ ದಾಟಿಸಿದಂತಾಯಿತೇ ಹೊರತು ಬೇರೇನಲ್ಲ. ವಿಮೆಯ ಕಂಪೆನಿಗೆ ತಿಳಿಸದೆ ಮಾಡಿಸಿದ ಮಾರ್ಪಾಟು ಅಪಘಾತದ ದಿನ ತಕರಾರಿಗೆ ಕಾರಣವಾಗುವುದೂ ಉಂಟು.

ಇಲ್ಲಿಂದಲೇ ಇನ್ನೊಂದು ಮಾತು ಹುಟ್ಟುತ್ತದೆ. ಅಟ್ಟದಲ್ಲಿರುವ ಎರಡು ಬಗೆಯ ಹಳೆಯ ಸಾಮಾನಿನಲ್ಲಿ ಕಂಪೆನಿಯದನ್ನು ಇಟ್ಟುಕೊಳ್ಳಬೇಕು, ನಡುವೆ ಹಾಕಿಸಿ ಬಿಟ್ಟದ್ದನ್ನು ಮಾರಬೇಕು. ಹುಡುಗರು ಸಾಮಾನ್ಯವಾಗಿ ಇದಕ್ಕೆ ತಿರುಗುಮುರುಗಾಗಿ ಮಾಡುತ್ತಾರೆ. ಕಂಪೆನಿಯ ಚಕ್ರ, ಸ್ಪ್ರಿಂಗುಗಳಿಗೆ ಅಂದವಿಲ್ಲವೆಂದು ಮೊದಲು ಅವನ್ನೇ ಸಾಗಹಾಕುತ್ತಾರೆ. ಮುಂದೆ ಕಾರನ್ನೇ ಮಾರುವ ದಿನ ಬರುತ್ತದೆ. ಮದುವೆ ನಿಶ್ಚಯವಾದರೆ ಬೇಗನೆ ಬರುತ್ತದೆ. ಆಗ ಬರುವ ಗಿರಾಕಿ ಒಬ್ಬ ಸಂಸಾರಸ್ಥ. ಅವನಿಗೆ ನೆಲಕ್ಕೆ ಅಂಟಿದ, ಗುರುಗುಟ್ಟುವ ಗಾಡಿ ಬೇಡ, ಕಂಪೆನಿಯಿಂದ ಬಂದ ಹಾಗೆ ಇರುವ ಗಾಡಿ ಬೇಕು. ಮೂಲ ಸಾಮಾನನ್ನೆಲ್ಲ ಮತ್ತೆ ಜೋಡಿಸಿ ಕಾರನ್ನು ಅವನಿಗೆ ಕೊಟ್ಟು, ಓಟದ ಸಾಮಾನನ್ನು ಅದನ್ನು ಬಲ್ಲವನಿಗೆ ಬೇರೆಯಾಗಿ ಕೊಟ್ಟರೆ ಎರಡು ಕಡೆಯೂ ನ್ಯಾಯವಾದ ಬೆಲೆ ಸಿಗುತ್ತದೆ. ಒಟ್ಟಿಗೆ ಮಾರಿದರೆ ಸಂಸಾರಸ್ಥ ಓಟದ ಸಾಮಾನಿಗೆ ಒಂದು ಕಾಸೂ ಕೊಡುವುದಿಲ್ಲ, ಬದಲಿಗೆ ಅದರ ನೆಪದಲ್ಲಿ ಕಾರಿನ ಬೆಲೆಯನ್ನೇ ಇಳಿಸುತ್ತಾನೆ.

ಬೆಲೆ ಎಷ್ಟು ಹೇಳಬೇಕು? ಹಾಕಿದ ಹಣ ಬಂದೀತೆಂಬ ಆಸೆಯನ್ನು ಮೊದಲೇ ಬಿಡಬೇಕು. ಜೋಡಿಸಿದ ಕೂಲಿ ಬರುವುದಿಲ್ಲ, ತರಿಸಿದ ಸುಂಕ ಬರುವುದಿಲ್ಲ. ಇವತ್ತು ಅದೇ ಸಾಮಾನು ಹೊಸದಾಗಿ ಎಷ್ಟಕ್ಕೆ ಸಿಗುತ್ತದೆಂದು ವಿಚಾರಿಸಿ, ಅದರ ಅರ್ಧದಿಂದ ಮಾತು ಶುರು ಮಾಡುವುದು ನಮಗೆ ಕಂಡ ಒಳ್ಳೆಯ ದಾರಿ. ಬಿಲ್ಲು, ಮೂಲ ಡಬ್ಬಿ, ಜೊತೆಗೆ ಬಂದ ನಟ್ಟುಬೋಲ್ಟು ಇದ್ದರೆ ಅರ್ಧಕ್ಕಿಂತ ಮೇಲೇರಬಹುದು, ಇಲ್ಲದಿದ್ದರೆ ಇಳಿಯಲೇಬೇಕು. ಬಿಲ್ಲಿನ ಮಹತ್ವ ಬೆಲೆಗಷ್ಟೇ ಅಲ್ಲ. ಕಾರಿನ ಚಕ್ರ ಕದಿಯುವವರು ಇರುವ ನಗರವಿದು. ಕದ್ದದ್ದೆಂದು ತಿಳಿದೂ, ಇಲ್ಲವೆ ಹಾಗೆ ನಂಬಲು ಕಾರಣವಿದ್ದೂ ಇಟ್ಟುಕೊಂಡವನಿಗೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಲ್ಲಿ ಮೂರು ವರ್ಷದವರೆಗೆ ಸೆರೆಯಿದೆ. ಆದುದರಿಂದ ಮಾರುವವನು ಬಿಲ್ಲಿನ ನಕಲನ್ನು ಕೇಳುವ ಮೊದಲೇ ಕೊಡಬೇಕು, ಕೊಳ್ಳುವವನು ನಾಚದೆ ಕೇಳಬೇಕು. ಒಂದು ಬಿಳಿ ಹಾಳೆಯ ಮೇಲೆ ಸಾಮಾನಿನ ಹೆಸರು, ಅಂಕಿಗಳು, ತಿಳಿಸಿದ ದೋಷಗಳು, ತಾರೀಖು, ಇಬ್ಬರ ಸಹಿ ಇಷ್ಟು ಬರೆದುಕೊಂಡರೆ ಮುಂದೆ ಮಾತಿಗೆ ಮಾತು ಬೆಳೆಯುವುದಿಲ್ಲ. ಗುಮಾಸ್ತೆಗಿರಿಯ ಚಟವೆಂದು ನಗುವವರು ನಗಲಿ.

ಹಣ ಪಡೆಯುವಾಗಲೂ ಎಚ್ಚರ ಬೇಕು. "ನಾನು ಸೈನ್ಯದಲ್ಲಿದ್ದೇನೆ, ವರ್ಗವಾಗಿದೆ, ನೋಡದೆಯೇ ಕೊಳ್ಳುತ್ತೇನೆ, ಈ ಚೌಕದ ಚಿತ್ರವನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಹಣ ಬರುತ್ತದೆ" ಎಂಬ ಗಿರಾಕಿ ಹಳೆಯ ಸಾಮಾನು ಮಾರುವ ಎಲ್ಲರಿಗೂ ಒಂದಲ್ಲ ಒಂದು ದಿನ ಎದುರಾಗುತ್ತಾನೆ. ಯು.ಪಿ.ಐ.ಯಲ್ಲಿ ಪಿನ್ ಒತ್ತುವುದು ಹಣ ಕೊಡುವುದಕ್ಕೆ, ಪಡೆಯುವುದಕ್ಕಲ್ಲ. ಮನೆಯ ಹಿರಿಯರ ಫೋನಿನಲ್ಲಿ ವ್ಯವಹಾರ ಮಾಡುವವರು ಈ ಮಾತನ್ನು ಅವರಿಗೆ ಎರಡು ಸಲ ಹೇಳಿರುವುದು ಒಳ್ಳೆಯದು.

ಗಿರಾಕಿ ಹುಬ್ಬಳ್ಳಿಯವನೋ ಉಡುಪಿಯವನೋ ಆದರೆ ಕಳಂಬೋಲಿಯಿಂದ ಹೊರಡುವ ನಮ್ಮ ಬಸ್ಸುಗಳೇ ಇವೆ. ಟೈರು ಸಮೇತ ನಾಲ್ಕು ಚಕ್ರ ಕೊರಿಯರಿನವನ ತೂಕದ ಲೆಕ್ಕಕ್ಕೆ ಸಿಕ್ಕರೆ ಲಾಭವೆಲ್ಲ ಅವನ ಪಾಲಾಗುತ್ತದೆ. ಟೈರು ಬಿಚ್ಚಿದ ಬರಿಯ ಚಕ್ರಗಳನ್ನು ನಡುನಡುವೆ ರಟ್ಟು ಇಟ್ಟು, ಎರಡೆರಡಾಗಿ ಗೋಣಿಚೀಲದಲ್ಲಿ ಹೊಲಿದು, ಪಡೆಯುವವನ ಹೆಸರು ಮತ್ತು ಫೋನಿನ ನಂಬರನ್ನು ಕನ್ನಡದಲ್ಲೂ ಬರೆದು, ಪಾರ್ಸೆಲಿನ ರಸೀದಿ ಪಡೆದುಕೊಂಡು ಸಂಜೆಯ ಬಸ್ಸಿಗೆ ಹಾಕಿದರೆ ಮಾರನೆಯ ಬೆಳಿಗ್ಗೆ ಮುಟ್ಟುತ್ತದೆ. ಬೋಲ್ಟುಗಳನ್ನು ಬೇರೆ ಚೀಲದಲ್ಲಿ ಕಟ್ಟಿ ಚಕ್ರದ ನಡುವಿನ ರಂಧ್ರಕ್ಕೆ ಬಿಗಿಯಬೇಕು. ಬಿಡಿಯಾಗಿ ಹಾಕಿದರೆ ಘಾಟಿಯ ಕುಲುಕಾಟಕ್ಕೆ ಚಕ್ರದ ಬಣ್ಣವೆಲ್ಲ ಗೀರಿಹೋಗುತ್ತದೆ.